ಫ್ರೀಜರ್ ಒಳಗೆ ಬೈಕಿನ ಕೀ: ನಮ್ಮ ಅಂಗಡಿಯ ವಿಡಿಯೋ ಶೂಟ್, ಐದಕ್ಕೆ ನಾಲ್ಕು ಸ್ಟಾರ್

ನಮ್ಮ ಡೀಪ್ ಫ್ರೀಜರ್ ಒಳಗೆ, ಪಿಸ್ತಾ ಡಬ್ಬದ ಮೇಲೆ, ಒಂದು ಬೈಕಿನ ಕೀ ಇತ್ತು. ಇಟ್ಟವನು ಶೂಟಿಂಗ್‌ಗೆ ಬಂದ ಸೌಂಡ್ ಹುಡುಗ. ಮಾತು ರೆಕಾರ್ಡ್ ಮಾಡುವಾಗ ಫ್ರೀಜರಿನ ಗುಂಯ್ ಶಬ್ದ ಬರಬಾರದು, ಅದಕ್ಕೆ ಸ್ವಲ್ಪ ಹೊತ್ತು ಆಫ್ ಮಾಡಬೇಕು. ಮತ್ತೆ ಆನ್ ಮಾಡಲು ಮರೆತರೆ? "ಕೀ ಇಲ್ಲದೆ ನಾನು ಮನೆಗೆ ಹೋಗುವ ಹಾಗೆ ಇಲ್ಲ ಅಲ್ವಾ ಅಣ್ಣ, ಕೀ ತೆಗೆಯಲು ಬಂದಾಗ ಸ್ವಿಚ್ ನೆನಪಾಗಿಯೇ ಆಗುತ್ತದೆ" ಎಂದ. ನಾನು ಈ ರಿವ್ಯೂ ಬರೆಯಲು ಕೂತದ್ದೇ ಆ ಕೀಯ ದೆಸೆಯಿಂದ.

ಮೂರು ವರ್ಷದ ಹಿಂದೆ ಬೇರೆ ಒಂದು ತಂಡ ಬಂದಿತ್ತು. ಮೊದಲೇ ಬಂದು ಜಾಗ ನೋಡಿರಲಿಲ್ಲ. ಆದಿತ್ಯವಾರ ಸಂಜೆ, ಅಂಗಡಿಯಲ್ಲಿ ಕಾಲಿಡಲು ಜಾಗ ಇಲ್ಲದ ಹೊತ್ತಿಗೆ, ಕ್ಯಾಮೆರಾ ಹಿಡಿದುಕೊಂಡು ನೇರ ಒಳಗೆ ಬಂದರು. ಫ್ರೀಜರ್ ಆಫ್ ಮಾಡಿದರು, ಶೂಟ್ ಮುಗಿಸಿದರು, ಹೋದರು. ನಾವು ನೋಡಿದ್ದು ಮರುದಿನ ಬೆಳಿಗ್ಗೆ. ಹದಿನಾಲ್ಕು ಡಬ್ಬ ಐಸ್‌ಕ್ರೀಂ ಪಾಯಸ. ಕರಗಿದ ಐಸ್‌ಕ್ರೀಂ ಮತ್ತೆ ಗಟ್ಟಿ ಮಾಡಿದರೆ ಒಳಗೆ ಐಸಿನ ಹರಳು ಕೂರುತ್ತದೆ, ಬಾಯಲ್ಲಿ ಮರಳು ಇದ್ದ ಹಾಗೆ ಆಗುತ್ತದೆ, ಅದನ್ನು ಗಿರಾಕಿಗೆ ಕೊಡಲು ಆಗುವುದಿಲ್ಲ. ಎಲ್ಲ ಚೆಲ್ಲಿದೆವು. ಅಷ್ಟು ಕಳೆದುಕೊಂಡು ಸಿಕ್ಕಿದ್ದು ಎಂಥ ವಿಡಿಯೋ ಅಂದರೆ ಗಿರಾಕಿಗಳ ಬೆನ್ನು, ನಡುವೆ ನನ್ನ ಅರ್ಧ ತಲೆ.

ಹಾಗಾಗಿ ಈ ಸಲ ಹೊಸ ತಂಡ ಫೋನ್ ಮಾಡಿ "ಶೂಟ್ ಮಂಗಳವಾರ, ಆದರೆ ಶುಕ್ರವಾರವೇ ಒಮ್ಮೆ ಬಂದು ನೋಡಿ ಹೋಗುತ್ತೇವೆ" ಎಂದಾಗ ಅರ್ಧ ಜೀವ ಬಂತು. ತಂಡದ ಹೆಸರು ಬರೆಯುವುದಿಲ್ಲ. ಮುಂದೆ ಸ್ವಲ್ಪ ಬೈದದ್ದೂ ಉಂಟು, ಅದಕ್ಕೆ.

ನಮ್ಮದು ಮಂಗಳೂರಿನ ಮಣ್ಣಗುಡ್ಡ ಕಡೆ ಸಣ್ಣ ಅಂಗಡಿ. ಬೆಳಿಗ್ಗೆ ಬನ್ಸ್ (ಬಾಳೆಹಣ್ಣು ಹಾಕಿ ಎಣ್ಣೆಯಲ್ಲಿ ಕರಿಯುವುದು), ಗೋಳಿಬಜೆ, ಚಹಾ. ಮಧ್ಯಾಹ್ನದ ಮೇಲೆ ಐಸ್‌ಕ್ರೀಂ, ಅದರಲ್ಲೂ ಉದ್ದ ಗ್ಲಾಸಿನಲ್ಲಿ ಐಸ್‌ಕ್ರೀಂ, ಜೆಲ್ಲಿ, ಹಣ್ಣು ಎಲ್ಲ ಹಾಕಿ ಕೊಡುವ ಗಡ್‌ಬಡ್. ಅಪ್ಪ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುವುದು. ಕ್ಯಾಶ್ ಕೌಂಟರಿನ ಸ್ಟೂಲು ಮಾತ್ರ ಅಪ್ಪ ಇನ್ನೂ ಬಿಟ್ಟುಕೊಟ್ಟಿಲ್ಲ.

ಶುಕ್ರವಾರ ಬಂದದ್ದು ಇಬ್ಬರು. ಕ್ಯಾಮೆರಾ ತಂದಿರಲಿಲ್ಲ, ಬರೀ ಫೋನು ಮತ್ತು ಒಂದು ಪುಸ್ತಕ. ಬಂದವರು ಮೊದಲು ಮೇಲೆ ನೋಡಿದರು. ನಮ್ಮಲ್ಲಿ ಎರಡು ಬಿಳಿ ಟ್ಯೂಬ್‌ಲೈಟ್, ನಾಲ್ಕು ಹಳದಿ ಬಲ್ಬು, ಮೆನು ಬೋರ್ಡಿಗೆ ಅಗ್ಗದ ಎಲ್‌ಇಡಿ ಪಟ್ಟಿ. ನಮ್ಮ ಕಣ್ಣಿಗೆ ಚಂದವೇ ಕಾಣುತ್ತದೆ. ಕ್ಯಾಮೆರಾಗೆ ಹಾಗಲ್ಲವಂತೆ. ಬಿಳಿಗೆ ಸರಿ ಮಾಡಿದರೆ ಹಳದಿ ಬಲ್ಬಿನ ಕೆಳಗೆ ನಿಂತವರಿಗೆ ಕಾಮಾಲೆ ಬಂದ ಹಾಗೆ ಕಾಣುತ್ತದೆ, ಹಳದಿಗೆ ಸರಿ ಮಾಡಿದರೆ ಟ್ಯೂಬ್‌ಲೈಟಿನ ಕೆಳಗಿನವರು ನೀಲಿ. ಮತ್ತೊಂದು, ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಈ ತರದ ಲೈಟುಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕ್ಯಾಮೆರಾದ ಶಟರ್ 1/50 ಸೆಕೆಂಡಿನಲ್ಲಿ ಇಟ್ಟರೆ ಗೊತ್ತಾಗುವುದಿಲ್ಲ. ಸ್ಲೋ ಮೋಷನ್‌ಗೆ ಅಂತ ಶಟರ್ ಜೋರು ಮಾಡಿದ ಕೂಡಲೇ ಗೋಡೆಯ ಮೇಲೆ ಕಪ್ಪು ಪಟ್ಟಿ ಓಡಾಡುತ್ತದೆ. ಅವರು ಫೋನಿನಲ್ಲೇ ಹಿಡಿದು ತೋರಿಸಿದರು. ಮೆನು ಬೋರ್ಡು ಉಸಿರಾಡುತ್ತಿತ್ತು ಮಾರಾಯ್ರೆ. ಹಳದಿ ಬಲ್ಬು ನಾಲ್ಕನ್ನೂ ಬಿಳಿಗೆ ಬದಲಾಯಿಸಿದೆವು, ಬೋರ್ಡಿನ ಪಟ್ಟಿ ಆ ದಿನದ ಮಟ್ಟಿಗೆ ಆಫ್.

ಆಮೇಲೆ ಗೋಡೆ. ಇಷ್ಟು ವರ್ಷ ನಾನು ಆ ಗೋಡೆಯನ್ನು ನೋಡಿಯೇ ಇರಲಿಲ್ಲ ಅನಿಸಿತು. ಫೆಬ್ರವರಿಯಲ್ಲೇ ನಿಂತ ಕ್ಯಾಲೆಂಡರ್ (ಶೂಟ್ ಇದ್ದದ್ದು ಏಪ್ರಿಲ್‌ನಲ್ಲಿ). ದರಪಟ್ಟಿಯಲ್ಲಿ ಹಳೆ ರೇಟಿನ ಮೇಲೆ ಅಂಟಿಸಿದ ಚೀಟಿ, ಅದರ ಮೇಲೆ ಇನ್ನೊಂದು ಚೀಟಿ. ತಿಂಡಿ ಮಾರಲು ಬೇಕಾದ ಎಫ್‌ಎಸ್‌ಎಸ್‌ಎಐ ಲೈಸನ್ಸು ಗೋಡೆಯಲ್ಲಿ ಹಳೆಯದು, ಹೊಸತು ಫೈಲಿನಲ್ಲಿ ಭದ್ರವಾಗಿ. ಆ 14 ಅಂಕಿಯ ನಂಬರ್ ವಿಡಿಯೋದಲ್ಲಿ ಯಾರು ಓದುತ್ತಾರೆ ಎಂದು ನಾನು ಕೇಳಿದೆ. "ನಿಲ್ಲಿಸಿ, ದೊಡ್ಡದು ಮಾಡಿ ನೋಡುವ ಜನ ಇದ್ದಾರೆ, ಕಮೆಂಟಿನಲ್ಲಿ ಅವರೇ ಮೊದಲು ಬರುವುದು" ಎಂದರು. ಸರಿ ಎಂದು ಹೊಸತನ್ನು ಫ್ರೇಮ್ ಹಾಕಿಸಿದೆ. ಅದು ಹೇಗೂ ಹಾಕಬೇಕಾದದ್ದೇ, ನಾನು ಉದಾಸೀನ ಮಾಡಿದ್ದು.

ಗಾಜಿನ ಕೌಂಟರ್ ಮುಂದೆ ನಿಂತರೆ ನಮ್ಮದೇ ಬಿಂಬ ಕಾಣುತ್ತದೆ ಅಲ್ವಾ, ಕ್ಯಾಮೆರಾದವನೂ ಹಾಗೆಯೇ ಕಾಣುತ್ತಾನೆ. ಅದಕ್ಕೆ ಅವರು ಹಿಂದಿನಿಂದ ಕಪ್ಪು ಬಟ್ಟೆ ಹಿಡಿಯುತ್ತೇವೆ ಎಂದರು. ಆದರೆ ಗಾಜು ಒರೆಸುವ ಕೆಲಸ ನಮ್ಮದು, ಅದೂ ಒದ್ದೆ ಬಟ್ಟೆಯಲ್ಲಿ ಅಲ್ಲ. ನೀರಿನ ಗೆರೆ ಲೈಟು ಬಿದ್ದಾಗ ಜೇಡರ ಬಲೆಯ ಹಾಗೆ ಕಾಣುತ್ತದೆ.

ಡ್ರೋನ್ ಬೇಕು ಎಂದು ನನಗೆ ಭಾರಿ ಆಸೆ ಇತ್ತು. ಬಜಪೆ ವಿಮಾನ ನಿಲ್ದಾಣ ಇರುವ ಊರು ಇದು, 2021ರ ಡ್ರೋನ್ ನಿಯಮದ ಪ್ರಕಾರ ಹಾರಿಸುವ ಮೊದಲು ಸರ್ಕಾರದ ಮ್ಯಾಪಿನಲ್ಲಿ ಕೆಂಪು, ಹಳದಿ, ಹಸಿರು ವಲಯ ನೋಡಬೇಕು ಎಂದೆಲ್ಲ ವಿವರಿಸಿದರು. ಕೊನೆಗೆ ಅವರಲ್ಲಿ ಹಿರಿಯವರು ಮೆಲ್ಲಗೆ ಕೇಳಿದರು: "ಅದು ಬಿಡಿ, ನಿಮ್ಮ ಅಂಗಡಿಯ ಮೇಲೆ ತೋರಿಸುವಂಥದ್ದು ಎಂತ ಉಂಟು?" ನೀರಿನ ಟ್ಯಾಂಕ್ ಮತ್ತು ಶೀಟು. ಡ್ರೋನ್ ಅಲ್ಲಿಗೇ ಇಳಿಯಿತು. ಹಣ ಮಾಡಲೇಬೇಕು ಎಂದಿದ್ದರೆ ಹಾರಿಸಿ ಬಿಲ್ಲಿಗೆ ಸೇರಿಸಬಹುದಿತ್ತು, ಸೇರಿಸಲಿಲ್ಲ. ಇದಕ್ಕೆ ಒಂದು ಸ್ಟಾರ್ ಪೂರ್ತಿ.

ಶನಿವಾರ ವಾಟ್ಸಾಪ್‌ನಲ್ಲಿ ಒಂದು ಪಟ್ಟಿ ಬಂತು, ಕನ್ನಡದಲ್ಲೇ. ಏನೇನು ಎಷ್ಟು ಬೇಕು, ಯಾವ ಹೊತ್ತಿಗೆ ಬೇಕು, ಯಾರು ಯಾವ ಬಣ್ಣದ ಅಂಗಿ ಹಾಕಬೇಕು. ಸಣ್ಣ ಚೌಕುಳಿ ಅಂಗಿ ಬೇಡವೇ ಬೇಡ ಎಂದು ಬರೆದಿದ್ದರು, ಕ್ಯಾಮೆರಾದಲ್ಲಿ ಗೆರೆಗಳು ನೀರಿನ ಅಲೆಯ ಹಾಗೆ ಕುಣಿಯುತ್ತವಂತೆ. ನನ್ನಲ್ಲಿ ಇರುವುದು ಎಲ್ಲ ಸಣ್ಣ ಚೌಕುಳಿಯೇ. ತಮ್ಮನ ನೀಲಿ ಅಂಗಿ ಇಸ್ತ್ರಿ ಹಾಕಿಸಿದೆ. ಅಪ್ಪನಿಗೆ ಬಿಳಿ ಅಂಗಿ, ಬಿಳಿ ಪಂಚೆ ಬಿಟ್ಟರೆ ಆಗುವುದಿಲ್ಲ. ಅಚ್ಚ ಬಿಳಿಗೆ ಲೈಟು ಬಿದ್ದರೆ ಮುಖ ಕಪ್ಪಾಗುತ್ತದೆ ಎಂದು ಎಷ್ಟು ಹೇಳಿದರೂ ಒಪ್ಪಲಿಲ್ಲ. ಕೊನೆಗೆ ಅಮ್ಮ ಕಪಾಟಿನಿಂದ ಒಂದು ಕೆನೆ ಬಣ್ಣದ ಅಂಗಿ ತೆಗೆದು "ಇದೂ ಬಿಳಿಯೇ, ಸುಮ್ನೆ ಹಾಕಿ" ಎಂದರು. ಮುಗಿಯಿತು.

ಇನ್ನು ಶೂಟಿನ ದಿನ. ತಿಂಡಿ ಅಂಗಡಿಯವರು ಈ ಭಾಗ ಗಮನ ಕೊಟ್ಟು ಓದಿ.

ಬನ್ಸ್ ಎಣ್ಣೆಗೆ ಬಿದ್ದು, ಒಂದು ಕ್ಷಣ ತಳದಲ್ಲಿ ಕೂತು, ಮೇಲೆ ಬಂದು ಉಬ್ಬುವುದು ಉಂಟಲ್ಲ, ಅದು ಅವರಿಗೆ ಬೇಕಾದ ಶಾಟ್. ವಿಡಿಯೋದಲ್ಲಿ ನಾಲ್ಕು ಸೆಕೆಂಡ್. ಒಂದು ಬನ್ಸ್ ಒಂದೇ ಸಲ ಉಬ್ಬುತ್ತದೆ, ಇನ್ನೊಮ್ಮೆ ಉಬ್ಬು ಎಂದರೆ ಕೇಳುತ್ತದಾ? ಹಾಗಾಗಿ ಅವರು ಮೊದಲೇ ಹೇಳಿದ್ದರು: ಹಿಟ್ಟು ಒಂದೇ ಸಲ ಕಲಸಿಡಬೇಡಿ, ಮೂರು ಪಾಲು ಮಾಡಿ, ಬೇರೆ ಬೇರೆ ಹೊತ್ತಿಗೆ ಕಲಸಿಡಿ. ಬಾಳೆಹಣ್ಣು, ಮೊಸರು ಹಾಕಿದ ಹಿಟ್ಟು ರಾತ್ರಿ ಇಡೀ ಇಟ್ಟರೆ ಬೆಳಿಗ್ಗೆ ಆರಕ್ಕೆ ಹದ, ಒಂಬತ್ತಕ್ಕೆ ಹುಳಿ ಮತ್ತು ಸಡಿಲ, ಅದು ನಮ್ಮ ಕಿಚನ್ ಭಟ್ರಿಗೆ ಗೊತ್ತಿಲ್ಲದ್ದಲ್ಲ, ಆದರೆ ಶೂಟಿಂಗ್‌ನವರಿಗೆ ಗೊತ್ತಿತ್ತು ಎಂಬುದೇ ಆಶ್ಚರ್ಯ. ಇಪ್ಪತ್ತೆರಡು ಬನ್ಸ್ ಹೋಯಿತು ಆ ನಾಲ್ಕು ಸೆಕೆಂಡಿಗೆ. ಒಂದು ವಾಲಿತು, ಒಂದು ಒಡೆಯಿತು, ಒಂದು ಚಂದ ಉಬ್ಬಿತು ಆದರೆ ಫೋಕಸ್ ಇರಲಿಲ್ಲ. ಭಟ್ರು ಹದಿನೈದನೆಯದಕ್ಕೆ "ಇನ್ನು ನನ್ನ ಮಂಡೆ ಬೆಚ್ಚ ಮಾಡಬೇಡಿ" ಎಂದು ಸಟ್ಟುಗ ಕೆಳಗಿಟ್ಟರು. ಚಹಾ ಕೊಟ್ಟು ಮತ್ತೆ ನಿಲ್ಲಿಸಿದೆವು. ಹಬೆ ಕಾಣಬೇಕಾದರೆ ಲೈಟು ಎದುರಿನಿಂದ ಅಲ್ಲ, ಹಿಂದಿನಿಂದ ಬೀಳಬೇಕು, ಹಿಂದೆ ಗೋಡೆ ಸ್ವಲ್ಪ ಕತ್ತಲೆ ಇರಬೇಕು. ಅಷ್ಟು ಮಾಡಿದ್ದೇ ತಡ, ದಿನಾ ನೋಡುವ ಅದೇ ಬಾಣಲೆ ಬೇರೆಯೇ ಕಂಡಿತು. ನಾನು ಅಲ್ಲಿಯವರೆಗೆ ಇದನ್ನೆಲ್ಲ ರಗಳೆ ಎಂದೇ ತಿಳಿದಿದ್ದೆ.

ಅಂದ ಹಾಗೆ ಬೆಳಿಗ್ಗೆ ಮೊದಲ ಅರ್ಧ ಗಂಟೆ ಅವರು ಏನೂ ಶೂಟ್ ಮಾಡಲಿಲ್ಲ. ಏಸಿ ಕಾರಿನಿಂದ ಇಳಿಸಿದ ಲೆನ್ಸು ನಮ್ಮ ಕಿಚನ್ನಿನ ಸೆಕೆಗೆ ಬಂದ ಕೂಡಲೇ ಮಂಜು ಹಿಡಿಯಿತು. ಒರೆಸಿದರೂ ಮತ್ತೆ ಬರುತ್ತದೆ, ಲೆನ್ಸ್ ಹೊರಗಿನ ಬಿಸಿಗೆ ಹೊಂದುವವರೆಗೆ ಕಾಯಲೇಬೇಕು. ಕರಾವಳಿಯಲ್ಲೇ ಕೆಲಸ ಮಾಡುವವರು ಬರುವಾಗ ಏಸಿ ಹಾಕದೆ ಬರಬಹುದಿತ್ತಲ್ಲ? ಕೇಳಿದೆ. ನಕ್ಕರು. ಉತ್ತರ ಇಲ್ಲ. ಆ ಅರ್ಧ ಗಂಟೆ ಒಂದು ಪಾಲು ಹಿಟ್ಟು ಸುಮ್ನೆ ಹುಳಿಯಾಯಿತು.

ಗಡ್‌ಬಡ್ ಶೂಟ್ ಮಧ್ಯಾಹ್ನ ಎರಡಕ್ಕೆ. ಸಿನಿಮಾದ ಹಾಗೆ ಇಲ್ಲಿಯೂ ಹೀರೋ, ಡೂಪ್ ಇದ್ದಾರೆ. ಮೊದಲು ಡೂಪ್ ಗ್ಲಾಸ್ ಇಟ್ಟು ಲೈಟು, ಫೋಕಸ್ ಎಲ್ಲ ಸರಿ ಮಾಡುತ್ತಾರೆ, ಅದು ಕರಗಿ ಹೋದರೂ ಚಿಂತೆ ಇಲ್ಲ. ಎಲ್ಲ ರೆಡಿ ಎಂದ ಮೇಲೆ ಹೀರೋ ಗ್ಲಾಸ್ ಬರಬೇಕು, ಬಂದ ಮೇಲೆ ಒಂದೂವರೆ ನಿಮಿಷವೇ ಆಯುಷ್ಯ. ಗ್ಲಾಸನ್ನು ಫ್ರೀಜರಿನಲ್ಲಿ ಇಟ್ಟರೆ ಒಳ್ಳೆಯದು ಎಂದು ನಾನು ಬುದ್ಧಿವಂತಿಕೆ ಮಾಡಿ ಹತ್ತು ಗ್ಲಾಸ್ ಇಟ್ಟಿದ್ದೆ. ತೆಗೆದ ಕೂಡಲೇ ಹೊರಗೆಲ್ಲ ಬೆವರು, ಒಳಗಿನ ಜೆಲ್ಲಿ, ಹಣ್ಣು, ಗೋಡಂಬಿ ಒಂದೂ ಕಾಣಲಿಲ್ಲ. ಗ್ಲಾಸ್ ಹಾಗೇ ಇರಲಿ, ಐಸ್‌ಕ್ರೀಂ ಉಂಡೆಗಳನ್ನು ಮಾತ್ರ ಮೊದಲೇ ತೆಗೆದು ತಟ್ಟೆಯಲ್ಲಿ ಫ್ರೀಜರಿನಲ್ಲಿಡಿ ಎಂದು ಅವರ ಪಟ್ಟಿಯಲ್ಲಿ ಸ್ಪಷ್ಟವಾಗಿ ಇತ್ತು. ನಾನು ಓದಿಯೂ ಓದಿರಲಿಲ್ಲ. ಹನ್ನೊಂದು ಗ್ಲಾಸ್ ಆಯಿತು. ಕೊನೆಯ ಗ್ಲಾಸಿಗೆ ಹುಡುಗಿಯೊಬ್ಬಳು ಚಿಮುಟದಲ್ಲಿ ಚೆರ್ರಿ ಹಿಡಿದು, ಉಸಿರು ಕಟ್ಟಿ ಮೇಲೆ ಇಟ್ಟಳು, ಕ್ಯಾಮೆರಾ ಓಡಿತು, ಎಲ್ಲ ಸರಿ ಎನ್ನುವಾಗ ಒಂದು ನೊಣ ಬಂದು ಚೆರ್ರಿಯ ಮೇಲೆ ಕೂತು ಕೈ ಉಜ್ಜಿಕೊಂಡಿತು. ದೊಡ್ಡ ಸ್ಕ್ರೀನಿನಲ್ಲಿ ಅದರ ಕೈ ಕೂಡ ಕಾಣುತ್ತಿತ್ತು. ಅದೃಷ್ಟಕ್ಕೆ ಅದಕ್ಕಿಂತ ಮುಂಚಿನ ಮೂರು ಸೆಕೆಂಡ್ ಸಾಕಾಯಿತು.

ಯಾರೋ ಹೇಳಿದ್ದರು, ಜಾಹೀರಾತಿನಲ್ಲಿ ಐಸ್‌ಕ್ರೀಂ ಬದಲು ಬಟಾಟೆ ಬೇಯಿಸಿ ಹಿಸುಕಿ ಬಣ್ಣ ಹಾಕಿ ಇಡುತ್ತಾರೆ, ಅದು ಕರಗುವುದಿಲ್ಲ ಎಂದು. ಹಾಗೆ ಮಾಡೋಣವಾ ಎಂದು ನಾನೇ ಕೇಳಿದೆ. ಬೇಡ ಎಂದರು, ನೀವು ಮಾರುವುದು ಬಟಾಟೆ ಅಲ್ಲವಲ್ಲ. ಈ ಮಾತು ಅಪ್ಪನಿಗೆ ಬಹಳ ಹಿಡಿಸಿತು, ಆಮೇಲೆ ಅವರಿಗೆ ಬಿಲ್ಲು ಕೊಡಬೇಡ ಎಂದು ಎರಡು ಪ್ಲೇಟ್ ಗೋಳಿಬಜೆ ಅಪ್ಪನೇ ಕೊಟ್ಟರು.

ಅಪ್ಪನ ಮಾತು ಸಂಜೆ ನಾಲ್ಕಕ್ಕೆ. ಇಲ್ಲಿ ಫ್ರೀಜರ್ ಆಫ್, ಎಕ್ಸಾಸ್ಟ್ ಆಫ್, ಮಿಕ್ಸಿ ಬಂದ್, ಕೊನೆಗೆ ಫ್ಯಾನೂ ಆಫ್. ಏಪ್ರಿಲ್ ತಿಂಗಳು, ಮಂಗಳೂರು, ಫ್ಯಾನ್ ಇಲ್ಲ. ಹೆಚ್ಚು ಹೇಳಬೇಕಾಗಿಲ್ಲ. ಎರಡು ವಾಕ್ಯಕ್ಕೊಮ್ಮೆ ಅಪ್ಪನ ಹಣೆ ಒತ್ತಿ ಒರೆಸಿದರು. ಎದುರಿನ ಕಟ್ಟಡದಲ್ಲಿ ಟೈಲ್ಸ್ ಕಟ್ ಮಾಡುವ ಮೆಷಿನ್ ಕಿರ್ರ್ ಎನ್ನುತ್ತಿತ್ತು. ನಾನು ಬೆಳಿಗ್ಗೆಯೇ ಒಂದು ಪೊಟ್ಟಣ ಬನ್ಸ್ ತೆಗೆದುಕೊಂಡು ಹೋಗಿ ಮೇಸ್ತ್ರಿಯ ಹತ್ತಿರ ನಾಲ್ಕರಿಂದ ನಾಲ್ಕೂವರೆ ನಿಲ್ಲಿಸಿ ಎಂದು ಕೇಳಿಕೊಂಡಿದ್ದೆ. ನಿಲ್ಲಿಸಿದರು. ಬಸ್ಸಿನವರಿಗೆ ಹಾಗೆ ಹೇಳಲು ಆಗುತ್ತದಾ? ಅಪ್ಪ "ನಾನು ಈ ಅಂಗಡಿ" ಎನ್ನುವಷ್ಟರಲ್ಲಿ ಕಂಡಕ್ಟರ್ ಬಸ್ಸು ಹೋಗುವ ಸ್ಟಾಪಿನ ಹೆಸರು "ಸ್ಟೇಟ್‌ಬ್ಯಾಂಕ್ ಸ್ಟೇಟ್‌ಬ್ಯಾಂಕ್" ಎಂದು ಕೂಗಿ ಸೀಟಿ ಹೊಡೆಯುವುದು. ಎಂಟು ಸಲ ಹೀಗೇ ಆಯಿತು.

ಅದಕ್ಕಿಂತ ದೊಡ್ಡ ತೊಂದರೆ ಅಪ್ಪನ ಕನ್ನಡ. ಕ್ಯಾಮೆರಾ ಕಂಡದ್ದೇ ಅಪ್ಪ ರೇಡಿಯೋ ವಾರ್ತೆಯವರಾದರು. "ಗ್ರಾಹಕರ ತೃಪ್ತಿಯೇ ನಮ್ಮ ಧ್ಯೇಯ" ಅಂತೆ! ಆ ಮನುಷ್ಯ ಜೀವಮಾನದಲ್ಲಿ ಧ್ಯೇಯ ಎಂಬ ಪದ ಬಳಸಿದ್ದು ನಾನು ಕೇಳಿಲ್ಲ. ಹಿಂದಿನ ರಾತ್ರಿ ನನಗೆ ಗೊತ್ತಿಲ್ಲದೆ ಬರೆದು ಬಾಯಿಪಾಠ ಮಾಡಿದ್ದರು. ಬಾಯಿಪಾಠ ಬೇಡ ಎಂದು ಪಟ್ಟಿಯಲ್ಲಿ ಅಡಿಗೆರೆ ಹಾಕಿ ಬರೆದಿದ್ದರು, ಅದನ್ನೂ ನಾನು ಅಪ್ಪನಿಗೆ ಹೇಳಿರಲಿಲ್ಲ. ಆಗ ಹಿರಿಯವರು ಕ್ಯಾಮೆರಾ ಹಾಗೇ ಓಡಲು ಬಿಟ್ಟು, ಪಕ್ಕದಲ್ಲಿ ಕೂತು, ತುಳುವಿನಲ್ಲಿ ಬನ್ಸಿಗೆ ಸೋಡ ಎಷ್ಟು ಹಾಕುತ್ತೀರಿ ಎಂದು ಬೇಕೆಂದೇ ತಪ್ಪು ಲೆಕ್ಕ ಹೇಳಿ ಕೇಳಿದರು. "ಅಂಚ ಅತ್ತ್ ಮಾರಾಯ" (ಹಾಗಲ್ಲ ಮಾರಾಯ) ಎಂದು ಅಪ್ಪ ಶುರು ಮಾಡಿದವರು ಹನ್ನೆರಡು ನಿಮಿಷ ನಿಲ್ಲಿಸಲಿಲ್ಲ. ಅಜ್ಜಿ ಹಿಟ್ಟು ಕಲಸುತ್ತಿದ್ದದ್ದು, ಮೊದಲ ದಿನ ಒಂಬತ್ತು ಬನ್ಸ್ ಮಾತ್ರ ಹೋದದ್ದು, ನನಗೂ ಗೊತ್ತಿಲ್ಲದ ಎಷ್ಟೋ ಸಂಗತಿ. ವಿಡಿಯೋದಲ್ಲಿ ಉಳಿದದ್ದು ಅದೇ, ತುಳುವಿನಲ್ಲಿ, ಕೆಳಗೆ ಕನ್ನಡ ಅಕ್ಷರ. ನಡುವೆ ಒಂದು "ಸ್ಟೇಟ್‌ಬ್ಯಾಂಕ್" ಕೂಡ ತೆಗೆಯದೆ ಬಿಟ್ಟಿದ್ದಾರೆ. ಊರಿನವರೆಲ್ಲ ಅದನ್ನೇ ಮೆಚ್ಚಿದ್ದು.

ಶೂಟಿನ ದಿನ ಅಂಗಡಿ ಅರ್ಧ ಮುಚ್ಚಿ ಎಂದಿದ್ದರು. ನಾನು ಕೇಳಲಿಲ್ಲ, ವ್ಯಾಪಾರ ಬಿಡಲು ಮನಸ್ಸು ಬರಲಿಲ್ಲ. ಬಾಗಿಲಲ್ಲಿ "ಇಂದು ವಿಡಿಯೋ ತೆಗೆಯುತ್ತಿದ್ದೇವೆ, ಮುಖ ಬರುವುದು ಬೇಡ ಎನ್ನುವವರು ದಯವಿಟ್ಟು ಹೇಳಿ" ಎಂದು ಬೋರ್ಡ್ ಮಾತ್ರ ಹಾಕಿದ್ದೆ. ಮೂರು ಗಂಟೆಗೆ ಕಾಲೇಜು ಮಕ್ಕಳು ಆರು ಜನ ಬಂದರು, ಬೋರ್ಡ್ ಓದಲಿಲ್ಲ, ಗಡ್‌ಬಡ್ ಆರ್ಡರ್ ಮಾಡಿದರು, ಕ್ಯಾಮೆರಾ ತಿರುಗಿದ್ದು ನೋಡಿ ಆರೂ ಜನ ಮೆನು ಕಾರ್ಡ್ ಹಿಂದೆ. ಕ್ಲಾಸ್ ಬಿಟ್ಟು ಬಂದವರು! ಒಬ್ಬ ಹುಡುಗ ಬಂದು "ಅಂಕಲ್, ನಮ್ಮ ಮೇಡಂ ನಿಮ್ಮ ಪೇಜ್ ನೋಡುತ್ತಾರೆ" ಎಂದ. ಆ ಶಾಟ್ ಅಳಿಸಿದರು, ಅವನ ಎದುರೇ. ಅಂಗಡಿ ಅರ್ಧ ಮುಚ್ಚಿ, ನಿಮ್ಮದೇ ನಾಲ್ಕು ನೆಂಟರನ್ನು ಗಿರಾಕಿಗಳ ಹಾಗೆ ಕೂರಿಸಿ, ಅದು ವಾಸಿ.

ಈಗ ಬೈಗುಳ.

ಹತ್ತು ದಿನದಲ್ಲಿ ಕೊಡುತ್ತೇವೆ ಎಂದವರು ಕೊಟ್ಟದ್ದು ಇಪ್ಪತ್ತಮೂರನೆಯ ದಿನ. ಫೋನ್ ಎತ್ತುತ್ತಾರೆ, ಚಂದ ಮಾತಾಡುತ್ತಾರೆ, ನಾಳೆ ಎನ್ನುತ್ತಾರೆ. ಶೂಟಿಗೆ ಮೊದಲು ಇದ್ದ ಆ ಶಿಸ್ತು ಶೂಟ್ ಮುಗಿದ ಮೇಲೆ ಎಲ್ಲಿಗೆ ಹೋಯಿತೋ. ಎಡಿಟಿಂಗ್ ಇಲ್ಲಿ ಅಲ್ಲ, ಬೇರೆ ಊರಿನವರಿಂದ ಮಾಡಿಸುವುದು ಎಂದು ಗೊತ್ತಾದದ್ದು ಮೊದಲ ಕಾಪಿ ಬಂದ ಮೇಲೆ. ಗೋಳಿಬಜೆಗೆ "ಮಂಗಳೂರು ಬೋಂಡ" ಎಂದು ಬರೆದಿದ್ದರು. ನಮ್ಮ ಅಂಗಡಿಯ ವಿಡಿಯೋದಲ್ಲಿ! ಅದನ್ನು ಹಾಗೇ ಹಾಕಿದ್ದರೆ ನಾನು ಊರು ಬಿಡಬೇಕಿತ್ತು. ತಿಂಡಿಯ ಹೆಸರು, ಜನರ ಹೆಸರು ಎಲ್ಲ ನೀವೇ ಸರಿಯಾಗಿ ಬರೆದು ಮೊದಲೇ ಕೊಟ್ಟುಬಿಡಿ.

ಹಾಡಿನದ್ದೂ ಹಾಗೆಯೇ. ಮೊದಲ ಕಾಪಿಯಲ್ಲಿ ಒಂದು ಸಿನಿಮಾ ಹಾಡು ಹಾಕಿದ್ದರು. ನನ್ನ ಭಾವನ ಬೇಕರಿ ವಿಡಿಯೋ ಹಾಗೆಯೇ ಮ್ಯೂಟ್ ಆಗಿತ್ತು, ಅದಕ್ಕೆ ನನಗೆ ಗೊತ್ತಿತ್ತು, ವ್ಯಾಪಾರದ ಅಕೌಂಟಿನಲ್ಲಿ ಎಲ್ಲ ಹಾಡು ಹಾಕುವ ಹಾಗಿಲ್ಲ. ತೆಗೆಯಿರಿ ಎಂದೆ. ಎರಡನೆಯ ಕಾಪಿಯಲ್ಲಿ ಹಾಡೇ ಇಲ್ಲ, ಎಣ್ಣೆಯ ಚುಂಯ್, ಉದ್ದ ಚಮಚ ಗ್ಲಾಸಿಗೆ ತಾಗುವ ಟಿಣ್, ಹಿಂದಿನಿಂದ ಸಣ್ಣಗೆ ಒಂದು ಕೊಳಲು. ಕೀ ಇಟ್ಟ ಹುಡುಗ ಆ ಶಬ್ದಗಳನ್ನೆಲ್ಲ ಬೇರೆಯೇ ರೆಕಾರ್ಡ್ ಮಾಡಿಕೊಂಡಿದ್ದನಂತೆ. ಇದು ಎಷ್ಟೋ ಚಂದ.

ಗೂಗಲ್‌ನಲ್ಲಿ ನಮ್ಮ ಅಂಗಡಿಯ ಪುಟಕ್ಕೆ ಹಾಕಲು ಕೊಟ್ಟ ವಿಡಿಯೋ 48 ಸೆಕೆಂಡ್ ಇತ್ತು. ಅಲ್ಲಿ 30 ಸೆಕೆಂಡಿಗಿಂತ ಉದ್ದ, 75 ಎಂಬಿಗಿಂತ ದೊಡ್ಡದು ಹಿಡಿಸುವುದಿಲ್ಲ. ಇಷ್ಟು ಸಣ್ಣ ವಿಷಯ ಈ ಕೆಲಸ ಮಾಡುವವರಿಗೆ ಗೊತ್ತಿರಬೇಡವಾ? ಮತ್ತೆ ಕತ್ತರಿಸಿ ಕೊಟ್ಟರು, ಅದಕ್ಕೆ ಇನ್ನು ನಾಲ್ಕು ದಿನ. ಯಾವುದಕ್ಕೆ ಅಡ್ಡ ವಿಡಿಯೋ, ಯಾವುದಕ್ಕೆ ಫೋನ್ ನೆಟ್ಟಗೆ ಹಿಡಿದು ನೋಡುವ ಉದ್ದ ವಿಡಿಯೋ ಎಂದು ಶೂಟಿಗೆ ಮೊದಲೇ ಬರೆದು ಕೊಡಿ, ಅಡ್ಡ ತೆಗೆದದ್ದನ್ನು ಆಮೇಲೆ ಉದ್ದ ಮಾಡಿದರೆ ನಮ್ಮ ಭಟ್ರ ಹಾಗೆ ಅರ್ಧ ಮುಖ ಹೋಗುತ್ತದೆ.

ಖರ್ಚು: 28,000 ಮತ್ತು 18% ಜಿಎಸ್‌ಟಿ, ಒಟ್ಟು 33,040. ಅರ್ಧ ಮೊದಲು, ಅರ್ಧ ಕೊನೆಗೆ. ಒಂದೂವರೆ ನಿಮಿಷದ್ದು ಒಂದು, ಸಣ್ಣದು ಮೂರು, ಎರಡು ಸಲ ತಿದ್ದುವುದು ಫ್ರೀ. ಬನ್ಸ್, ಐಸ್‌ಕ್ರೀಂ, ಬಲ್ಬು, ಫ್ರೇಮು ನಮ್ಮ ಖರ್ಚು, ಅದು ಬೇರೆ. ಜಾಸ್ತಿ ಎನ್ನುವವರು ಇರಬಹುದು. ನನಗೆ ಹದಿನಾಲ್ಕು ಡಬ್ಬ ಐಸ್‌ಕ್ರೀಂ ಉಳಿದ ಲೆಕ್ಕವೂ ಉಂಟು.

ಆ ದಿನ ರಾತ್ರಿ ಏಳೂವರೆಗೆ ಎಲ್ಲ ಕಟ್ಟಿಕೊಂಡು ಹೊರಟರು. ಸೌಂಡ್ ಹುಡುಗ ಬೈಕಿನ ಹತ್ತಿರ ಹೋಗಿ, ಎರಡೂ ಜೇಬು ತಡಕಿ, ನಿಂತ. ತಿರುಗಿ ಬಂದು ಫ್ರೀಜರಿನ ಸ್ವಿಚ್ ನೋಡಿದ. ಆನ್ ಇತ್ತು, ಅಪ್ಪ ಯಾವಾಗಲೋ ಹಾಕಿಯಾಗಿತ್ತು. ಕೀ ತೆಗೆದು "ಅಯ್ಯೋ, ತಣ್ಣಗೆ ಕಚ್ಚುತ್ತದೆ" ಎಂದು ಕೈ ಬದಲಾಯಿಸುತ್ತ ಹೋದ. ಮುಂದಿನ ಸಲವೂ ಇವರನ್ನೇ ಕರೆಯುತ್ತೇನೆ, ಡಿಸೆಂಬರ್‌ನಲ್ಲಿ. ಫ್ಯಾನ್ ಆಫ್ ಮಾಡಿ ಏಪ್ರಿಲ್‌ನಲ್ಲಿ ಇನ್ನೊಮ್ಮೆ ಕೂರಲು ಅಪ್ಪ ತಯಾರಿಲ್ಲ.